ತಾಟಿನ ಸಪ್ಪಳ ಮತ್ತು ಚಿಗವ್ವನ ಪ್ರಶ್ನೆ

“ಅಲ್ಲವಾ, ಬನಹಟ್ಟ್ಯಾಗ ಹುಟ್ಟಿದಾಕಿ ನೀ. ಮಗ್ಗದ ಸಪ್ಪಳದಾಗ ಬೆಳದಾಕಿಗೆ ತಾಟಿನ ಸಪ್ಪಳ ನೋಯಿಸ್ತೈತೇನು?”

ಕಳೆದ ಭಾನುವಾರ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ನಾದಿನಿಯ ಕುಬಸ (ಸೀಮಂತ) ಮುಗಿದ ಮೇಲೆ, ಹಿತ್ತಲಿನ ನಳದ ಬಳಿ ಚಿಗವ್ವ ಕೇಳಿದ ಈ ಪ್ರಶ್ನೆ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಊಟದ ಪಂಕ್ತಿ ಎದ್ದಿತ್ತು. ಮುಸುರೆ ತಿಕ್ಕಲು ಬರಬೇಕಾದವಳು ಬಂದಿರಲಿಲ್ಲವಾದ್ದರಿಂದ ಚಿಗವ್ವ ತಾನೇ ಸೀರೆ ಎತ್ತಿಕಟ್ಟಿ ಮುಂದಾದಳು. ಸಹಾಯ ಮಾಡುವುದರಲ್ಲಿ ಅವಳಷ್ಟು ಧಾರಾಳಿಗಳನ್ನು ನಾನು ಕಂಡಿಲ್ಲ. ಸ್ಟೀಲಿನ ತಾಟುಗಳ ಇಡೀ ಪೇರಿಕೆಯನ್ನು ಅವಳು ಸಿಮೆಂಟಿನ ನೆಲಕ್ಕೆ ಸುರಿದಾಗ, ನಾನು ಎರಡೂ ಕಿವಿ ಒತ್ತಿಹಿಡಿದು ಅಲ್ಲಿಯೇ ಗೋಡೆಗೆ ಆತು ಕುಳಿತೆ. ಕಾದ ದಬ್ಬಣವನ್ನು ಕಿವಿಯೊಳಗೆ ಚುಚ್ಚಿದಂತಹ ನೋವು ದವಡೆಯವರೆಗೆ ಇಳಿದು, ರಾತ್ರಿ ಮಲಗುವವರೆಗೂ ಉರಿಯುತ್ತಿತ್ತು. ಸುತ್ತಲಿದ್ದ ಹೆಂಗಸರು ನಕ್ಕರು. ಚಿಗವ್ವ ನಗಲಿಲ್ಲ, ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

ನನಗಿರುವುದಕ್ಕೆ ವೈದ್ಯರು ಹೈಪರ್‌ಅಕ್ಯೂಸಿಸ್ ಎನ್ನುತ್ತಾರೆ. ಇತರರಿಗೆ ಸಹಜವೆನಿಸುವ ಸದ್ದು ಅಸಹನೀಯವಾಗುವ ಸ್ಥಿತಿ ಅದು. ನನ್ನಂತಹ ಕೆಲವರಲ್ಲಿ ಸದ್ದು ನೋವಾಗಿಯೇ ಬರುತ್ತದೆ. ಗಣೇಶ ವಿಸರ್ಜನೆಯ ಮೆರವಣಿಗೆಯೊಂದರಲ್ಲಿ ಡಿಜೆ ಪೆಟ್ಟಿಗೆಗಳ ಗಾಡಿ ಇಕ್ಕಟ್ಟಾದ ಓಣಿಯಲ್ಲಿ ನನ್ನ ಪಕ್ಕದಲ್ಲಿಯೇ ನಿಂತುಬಿಟ್ಟ ರಾತ್ರಿಯಿಂದ ಇದು ನನ್ನ ಜೊತೆಗಿದೆ. ಕಿವಿಯ ಪರೀಕ್ಷೆ ಮಾಡಿಸಿದರೆ ಕೇಳುವ ಶಕ್ತಿ ಸರಿಯಾಗಿಯೇ ಇದೆಯೆಂದು ವರದಿ ಬರುತ್ತದೆ, ಆ ವರದಿಯನ್ನು ನೋಡಿದ ನೆಂಟರು ಹಾಗಾದರೆ ನಿನಗೇನೂ ಆಗಿಲ್ಲ ಎಂದು ತೀರ್ಮಾನಿಸುತ್ತಾರೆ. ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಎಂಬುದನ್ನಷ್ಟೇ ಆ ಪರೀಕ್ಷೆ ಅಳೆಯುತ್ತದೆ. ಎಷ್ಟು ದೊಡ್ಡ ಸದ್ದನ್ನು ತಾಳಿಕೊಳ್ಳಬಲ್ಲೆ ಎಂಬುದನ್ನು ಬೇರೆಯಾಗಿಯೇ ಕೇಳಿ ಅಳೆಯಬೇಕಾಗುತ್ತದೆ.

ಚಿಗವ್ವನ ಪ್ರಶ್ನೆಯೊಳಗಿನ ತರ್ಕ ಎಲ್ಲರಿಗೂ ಒಪ್ಪಿಗೆಯಾಗುವಂಥದ್ದು: ದೊಡ್ಡ ಸದ್ದನ್ನು ತಾಳಿಕೊಂಡವಳಿಗೆ ಸಣ್ಣ ಸದ್ದು ಯಾವ ಲೆಕ್ಕ? ಆದರೆ ಮನೆಗೆಲಸದಲ್ಲಿ ನನ್ನನ್ನು ಹಿಂಡುವುದು ಸದ್ದಿನ ಗಾತ್ರಕ್ಕಿಂತ ಅದು ಬರುವ ರೀತಿ. ನಡುಗಿವಿಯಲ್ಲಿ ಸ್ಟೆಪೀಡಿಯಸ್ ಎಂಬ ಸ್ನಾಯುವಿದೆ, ಎಲುಬಿಗೆ ಅಂಟಿದ ಸ್ನಾಯುಗಳಲ್ಲಿ ದೇಹದಲ್ಲೇ ಅತ್ಯಂತ ಚಿಕ್ಕದು. ಜೋರಾದ ಸದ್ದು ಬಂದಾಗ ಅದು ಬಿಗಿಗೊಂಡು ಒಳಗಿವಿಗೆ ಹೋಗುವ ಕಂಪನವನ್ನು ತಗ್ಗಿಸುತ್ತದೆ. ಹಾಗೆ ಬಿಗಿಗೊಳ್ಳಲು ಅದಕ್ಕೆ ಕ್ಷಣದ ಒಂದು ಪಾಲು ಬೇಕು, ಚಮಚ ತಾಟಿಗೆ ಬಡಿದ ಸದ್ದು ಅಷ್ಟರೊಳಗೆ ಒಳಗೆ ಹೊಕ್ಕಿರುತ್ತದೆ. ಅಲ್ಲದೆ ಈ ರಕ್ಷಣೆ ಕೆಳಗಿನ ಸ್ವರಗಳ ಮೇಲೆಯೇ ಹೆಚ್ಚು ನಡೆಯುತ್ತದೆ, ಸ್ಟೀಲಿನ ಝಣತ್ಕಾರವೋ ಮೇಲಿನ ಸ್ವರಗಳದ್ದು. ಆದ್ದರಿಂದಲೇ ನಮ್ಮ ಅತ್ತೆ ಬೆಳಗಿನ ಜಾವ ಜೋಳದ ರೊಟ್ಟಿ ಬಡಿಯುವ ಸದ್ದು ನನಗೆ ಏನೂ ಮಾಡುವುದಿಲ್ಲ: ಹಿಟ್ಟಿನ ಮೇಲೆ ಅಂಗೈ ಬೀಳುವ ಆ ಸದ್ದು ತಗ್ಗಿನದು, ಒಂದೇ ಲಯದ್ದು, ಮುಂದಿನ ಪೆಟ್ಟು ಯಾವಾಗ ಎಂದು ಮೊದಲೇ ಗೊತ್ತಿರುವಂಥದ್ದು. ಅದೇ ಒಲೆಕಟ್ಟೆಯ ಮೇಲೆ ಕೈಜಾರಿದ ಸೌಟೊಂದು ನನ್ನ ಇಡೀ ಮುಂಜಾನೆಯನ್ನು ಕಸಿದುಕೊಳ್ಳಬಲ್ಲದು.

2015ರಲ್ಲಿ ಪ್ರಕಟವಾದ ಸಂಶೋಧನೆಗಳು, ಇಲಿಗಳ ಒಳಗಿವಿಯ ಕೆಲವು ತೆಳುವಾದ ನರತಂತುಗಳು ಕೇಳುವ ಕೆಲಸಕ್ಕಾಗಿ ಇರದೆ, ಹಾನಿಯಾದಾಗ ಎಚ್ಚರಿಸುವ ಕೆಲಸ ಮಾಡುತ್ತಿರಬಹುದೆಂದು ತೋರಿಸಿವೆ. ಕಿವಿಗೂ ತನ್ನದೇ ನೋವಿನ ದಾರಿ ಇರಬಹುದೆಂಬ ಈ ಮಾತನ್ನು ಓದಿದ ದಿನ ನಾನು ಅತ್ತಿದ್ದೆ. ನೋವು ಕಡಿಮೆಯಾಗದಿದ್ದರೂ ಅದು ನನ್ನ ಕಲ್ಪನೆಯೆಂದು ಯಾರೂ ಹೇಳಲಾರರು ಎಂಬ ಸಮಾಧಾನ ಅಂದು ಸಿಕ್ಕಿತು.

ನಮ್ಮ ಮನೆಯ ಕೆಲಸಗಳನ್ನು ಈಗ ಈ ಕಿವಿಗೆ ತಕ್ಕಂತೆ ಹೊಂದಿಸಿಕೊಂಡಿದ್ದೇವೆ. ಸಿಂಕಿನ ತಳಕ್ಕೆ ರಬ್ಬರಿನ ಹಾಸು ಬಂದಿದೆ, ಭಾಂಡೆಗಳನ್ನು ಪ್ಲಾಸ್ಟಿಕ್ ಬುಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟು ಒಂದೊಂದಾಗಿ ತೆಗೆದು ತಿಕ್ಕಿ, ಹಳೆಯ ಪಂಚೆಯ ಮೇಲೆ ಬೋರಲು ಹಾಕುತ್ತೇವೆ. ಸೌಟುಗಳು ಕಟ್ಟಿಗೆಯವು. ಬೇಳೆಯನ್ನು ನೆನೆಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸುವುದೇ ಹೆಚ್ಚು. ಶೇಂಗಾ ಚಟ್ನಿ ಒರಳಿಗೆ ಮರಳಿದೆ, ರುಚಿಯೂ ಮೊದಲಿಗಿಂತ ಚೆನ್ನಾಗಿದೆ ಎಂದು ಮಾವನವರ ಅಭಿಪ್ರಾಯ. ಮಿಕ್ಸಿ ಹಾಕಲೇಬೇಕಾದಾಗ ನಾನು ಕಿವಿಯ ಮೇಲೆ ಇಯರ್‌ಮಫ್ ಹಾಕಿಕೊಳ್ಳುತ್ತೇನೆ, ಕೆಲಸ ಮುಗಿದ ಕೂಡಲೇ ತೆಗೆಯುತ್ತೇನೆ. ದಿನವಿಡೀ ಹಾಕಿಕೊಂಡಿರಬೇಡವೆಂದು ಶ್ರವಣತಜ್ಞರು (ಆಡಿಯಾಲಜಿಸ್ಟ್) ಮೊದಲ ಭೇಟಿಯಲ್ಲಿಯೇ ಖಡಾಖಂಡಿತವಾಗಿ ಹೇಳಿದ್ದರು; ಸದಾ ಮುಚ್ಚಿಟ್ಟ ಕಿವಿಗಾಗಿ ಮಿದುಳು ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಂಡು ಸಣ್ಣ ಸದ್ದೂ ದೊಡ್ಡದಾಗಿ ಕೇಳಿಸತೊಡಗುತ್ತದಂತೆ. ಅವರ ಸಲಹೆಯಂತೆ ಫ್ಯಾನಿನ ಅಥವಾ ಮಳೆಯ ಸದ್ದಿನಂತಹ ಮೆಲುದನಿಯನ್ನು ಕೋಣೆಯಲ್ಲಿ ಹಾಕಿಟ್ಟುಕೊಂಡು, ಬಹಳ ನಿಧಾನವಾಗಿ ಕಿವಿಯನ್ನು ಸದ್ದಿಗೆ ಮರಳಿ ಒಗ್ಗಿಸುತ್ತಿದ್ದೇನೆ.

ಈ ಎಲ್ಲದರಲ್ಲಿ ನನಗೆ ಅತಿ ದೊಡ್ಡ ಆಸರೆಯಾದವರು ನಮ್ಮ ಅತ್ತೆ. ಕಾಯಿಲೆಯ ಹೆಸರು ಅವರ ನಾಲಿಗೆಗೆ ಇಂದಿಗೂ ಹೊರಳುವುದಿಲ್ಲ. ಆದರೆ ಕುಕ್ಕರ್ ಇಡುವ ಮೊದಲು “ಕುಕ್ಕರ್ ಇಡಾಕತ್ತೀನವಾ, ಒಳಗ ಹೋಗು” ಎಂದು ಹೇಳುವುದನ್ನು ಅವರು ಒಮ್ಮೆಯೂ ಮರೆಯುವುದಿಲ್ಲ. ನನ್ನ ಯಜಮಾನರು ಈ ವಿಷಯದಲ್ಲಿ ಸಿಕ್ಕಿದ್ದೆಲ್ಲವನ್ನೂ ಓದಿದ್ದಾರೆ, ನೆಂಟರೆದುರು ಸೊಗಸಾಗಿ ವಿವರಿಸುತ್ತಾರೆ, ಆಮೇಲೆ ಬೈಕಿನ ಕೀಲಿಕೈಯನ್ನು ಗಾಜಿನ ಟೇಬಲ್ಲಿನ ಮೇಲೆ ಎಸೆಯುತ್ತಾರೆ. ಅರ್ಧ ಕ್ಷಣದ ಮುನ್ಸೂಚನೆ ಸಿಕ್ಕರೂ ನನ್ನ ದಿನ ಉಳಿಯುತ್ತದೆ ಎಂಬುದು ಓದಿ ತಿಳಿಯುವ ವಿಷಯವಲ್ಲವೇನೋ.

ಚಿಗವ್ವನ ಪ್ರಶ್ನೆಯನ್ನು ಮತ್ತೆ ಮತ್ತೆ ನೆನೆಯುವಾಗ, ಅವಳು ಅದನ್ನು ಕೇಳಿದ ದನಿಯೇ ನನಗೆ ಹೆಚ್ಚು ಕಾಡತೊಡಗಿದೆ. ನಾನು ಮೊಳದ ದೂರದಲ್ಲಿದ್ದೆ, ಅವಳು ಓಣಿಯ ಆಚೆ ಇದ್ದವಳನ್ನು ಕೂಗುವಂತೆ ಕೇಳಿದ್ದಳು. ಅವಳು ಮಾತಾಡುವುದು ಯಾವಾಗಲೂ ಹಾಗೆಯೇ, ಟಿವಿ ಹಚ್ಚುವುದೂ ಹಾಗೆಯೇ, ಎಷ್ಟು ಹೊತ್ತು ಮೊಬೈಲ್ ಬಡಿದುಕೊಂಡರೂ ಎತ್ತುವುದಿಲ್ಲ. ಮದುವೆಯಾಗಿ ಗಂಡನ ಮನೆ ಸೇರಿದಾಗಿನಿಂದ ಪವರ್‌ಲೂಮ್ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತಿದವಳು ಅವಳು. ಅಂತಹ ಶೆಡ್ಡುಗಳ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್‌ಗಿಂತ ಮೇಲೆಯೇ ಇರುತ್ತದೆ. ನಾವು ಎದುರುಬದುರು ಕುಳಿತು ಆಡುವ ಮಾತು 60ರ ಆಸುಪಾಸಿನದು. ಕಾರ್ಖಾನೆಯ ನಿಯಮಗಳು ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬೆಲ್‌ನ ಮಿತಿ ಹಾಕಿವೆ, ಆದರೆ ಅಡುಗೆಮನೆಯ ಗೋಡೆಗೆ ಅಂಟಿಕೊಂಡ ನಾಲ್ಕು ಮಗ್ಗದ ಶೆಡ್ಡಿಗೆ ಅಳೆಯಲು ಯಾರು ಬರುತ್ತಾರೆ? ಸದ್ದಿನಿಂದ ಕಿವಿ ಕೆಡುವಾಗ ಮೊದಲು ಹೋಗುವುದು 4000 ಹರ್ಟ್ಸ್ ಸುತ್ತಮುತ್ತಲಿನ ಮೇಲಿನ ಸ್ವರಗಳು. ಸ್ಟೀಲಿನ ಝಣತ್ಕಾರ ಹರಿತವಾಗುವುದೂ ಅಂತಹ ಮೇಲಿನ ಸ್ವರಗಳಿಂದಲೇ.

ಅಂದರೆ ಅವತ್ತು ಹಿತ್ತಲಿನಲ್ಲಿ ನನ್ನನ್ನು ಕೂರಿಸಿದ ಸದ್ದು ಚಿಗವ್ವನಿಗೆ ಬಹುಶಃ ಕೇಳಿಸಿಯೇ ಇಲ್ಲ. ಅವಳು ಕೇಳಿದ್ದು ಯಾವುದೋ ಮೊಂಡಾದ, ದೂರದ ಸದ್ದು. ಹಾಗಿದ್ದ ಮೇಲೆ ಅವಳ ಪ್ರಶ್ನೆಯಲ್ಲಿ ನಾನು ಹುಡುಕುತ್ತಿದ್ದ ಕುಹಕ ಇರಲು ಸಾಧ್ಯವೇ ಇಲ್ಲ. ನಕ್ಕ ಹೆಂಗಸರ ಮೇಲೆ ನನಗೆ ಈಗಲೂ ಸಿಟ್ಟಿದೆ, ಅವರ ಕಿವಿಗಳು ಸರಿಯಾಗಿವೆ.

ಮೊನ್ನೆ ಫೋನಿನಲ್ಲಿ, ಜಿಲ್ಲಾ ಆಸ್ಪತ್ರೆಗೆ ಬಂದು ಕಿವಿ ತೋರಿಸು ಎಂದು ಚಿಗವ್ವನಿಗೆ ಹೇಳಿದೆ. “ನನಗ ಎಲ್ಲಾ ಕೇಳಸ್ತೈತಿ, ನೀವ ಸಣ್ಣಗ ಮಾತಾಡ್ತೀರಿ” ಎಂದು ಅವಳು ಫೋನನ್ನು ಮಗನ ಕೈಗೆ ಕೊಟ್ಟಳು. ನನ್ನ ಈ ತಮ್ಮ ಈಗಲೂ ಅದೇ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಾನೆ. ನನ್ನ ಹಾಗೆ ಇಯರ್‌ಮಫ್ ಹಾಕಿಕೋ ಎಂದರೆ, ಎಳೆ ಹರಿದಾಗ ಮಗ್ಗದ ಸಪ್ಪಳ ಬದಲಾಗುತ್ತದೆ, ಅದು ತಿಳಿಯದಿದ್ದರೆ ಬಟ್ಟೆ ಕೆಡುತ್ತದೆ ಎಂದ. ಅವನ ಭಯ ಸುಳ್ಳಲ್ಲ. ಮಫ್ ಎಲ್ಲ ಸದ್ದನ್ನೂ ಒಟ್ಟಿಗೆ ತಗ್ಗಿಸುವುದರಿಂದ, ಕಿವಿ ಚೆನ್ನಾಗಿರುವವನಿಗೆ ಅಷ್ಟು ಗದ್ದಲದಲ್ಲಿಯೂ ಬದಲಾವಣೆ ಗೊತ್ತಾಗುವ ಸಾಧ್ಯತೆ ಇದೆಯೆಂದು ಹೇಳಿದೆ. ಅವನ ಕಿವಿ ಇನ್ನೂ ಚೆನ್ನಾಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಅವ್ವನನ್ನು ಕರೆತರುವ ದಿನವೇ ತಾನೂ ಪರೀಕ್ಷೆ ಮಾಡಿಸಿಕೊಳ್ಳುವುದಾಗಿ ಒಪ್ಪಿದ್ದಾನೆ. ಶೆಡ್ಡಿಗೆ ಸೋಮವಾರ ರಜೆ, ಅಂದೇ ಬರುತ್ತಾರೆ.