ಆಗ ಎಲ್ಲವೂ ಸೋವಿಯಾಗಿತ್ತಲ್ಲವೇ?

ನೌಕರಿಯ ಬಹುಪಾಲನ್ನು ಸಂಬಳದ ಬಿಲ್ಲು ಬರೆಯುವುದರಲ್ಲೇ ಕಳೆದವನು ನಾನು. ಬೆಲೆ ಏರಿದಂತೆ ಸಂಬಳಕ್ಕೆ ಸೇರಿಸುವ ತುಟ್ಟಿಭತ್ಯೆಯ ಲೆಕ್ಕ ಗೊತ್ತಿದೆ ಎಂದೋ, ತಲೆ ಬೆಳ್ಳಗಾಗಿದೆ ಎಂದೋ, ಮದುವೆಮನೆಗೆ ಹೋದರೆ ಯಾರಾದರೊಬ್ಬರು ಈ ಮಾತು ತೆಗೆದೇ ತೆಗೆಯುತ್ತಾರೆ: "ಕಾಕಾ, ನೀವು ಚಿಕ್ಕವರಿದ್ದಾಗ ಎಷ್ಟು ಸೋವಿಯ ಕಾಲ, ಅಲ್ಲವೇ?"

ಅಲ್ಲ. ಸೋವಿಯಾಗಿದ್ದದ್ದು ನಮಗೆ, ಮಕ್ಕಳಿಗೆ. ದುಡ್ಡು ಕೊಡುತ್ತಿದ್ದವರು ನಾವಲ್ಲವಲ್ಲ.

ನಾನು ಬೆಳೆದದ್ದು ದಾವಣಗೆರೆಯಲ್ಲಿ. ಹತ್ತಿ ಗಿರಣಿಗಳು ಇನ್ನೂ ಮೂರು ಪಾಳಿಯಲ್ಲಿ ನಡೆಯುತ್ತಿದ್ದ ಕಾಲ. ಅಪ್ಪನ ಕೆಲಸವೂ ಅಲ್ಲೇ. 10 ಪೈಸೆಗೆ ಪೆಪ್ಪರ್‌ಮಿಂಟ್ ಬರುತ್ತಿತ್ತು, ನಾಲ್ಕಾಣೆಗೆ ಜೇಬು ತುಂಬ ಬೋರೆಹಣ್ಣು ಬರುತ್ತಿತ್ತು. ನೆನಪಿನಲ್ಲಿ ಇದೇ ಉಳಿಯುತ್ತದೆ. ಆದರೆ ಸಂಬಳವಾದ ದಿನ ಅವ್ವ ಮೊದಲು ಮಾಡುತ್ತಿದ್ದ ಕೆಲಸ ಉದ್ದರಿ ಪುಸ್ತಕ ಹಿಡಿದು ಕಿರಾಣಿ ಅಂಗಡಿಗೆ ಹೋಗುವುದು. ಹಿಂದಿನ ತಿಂಗಳ ಬಾಕಿ ತೀರಿಸಿ, ಬಾಡಿಗೆ ಕೊಟ್ಟು, ಚೀಟಿಗೆ ಕಟ್ಟಿದರೆ ಕೈ ಬರಿದು. ತಿಂಗಳ ಕೊನೆ ಬರುವ ಮೊದಲೇ ಪುಸ್ತಕದಲ್ಲಿ ಹೊಸ ಪುಟ ತೆರೆದಿರುತ್ತಿತ್ತು. ದೀಪಾವಳಿಗೆ ಅಣ್ಣತಮ್ಮಂದಿರಿಗೆಲ್ಲ ಒಂದೇ ತಾನಿನ ಬಟ್ಟೆಯಲ್ಲಿ ಅಂಗಿ ಹೊಲಿಸುತ್ತಿದ್ದರು, ಬೆಳೆಯುವ ಹುಡುಗರೆಂದು ಎರಡು ಅಂಗುಲ ದೊಡ್ಡದಾಗಿಯೇ. ಹವಾಯಿ ಚಪ್ಪಲಿಯ ಬಾರು ಕಿತ್ತರೆ ಅದಕ್ಕೊಂದು ಪಿನ್ನು. ಸೀಮೆಎಣ್ಣೆಯ ಸರದಿಯಲ್ಲಿ ಡಬ್ಬಿ ಇಟ್ಟು ಬರುವುದು ನನ್ನ ಪಾಲಿನ ಕೆಲಸ. ನಮಗೆ ಅದು ಆಟ. ಅವ್ವನಿಗೆ ಅದು ಏನಾಗಿತ್ತೆಂದು ಯಾರೂ ಕೇಳಲಿಲ್ಲ.

ಹಳೆಯ ಬೆಲೆ ಹೇಳುವವರು ಹಳೆಯ ಸಂಬಳ ಹೇಳುವುದಿಲ್ಲ ಎನ್ನುವುದೇ ನನ್ನ ದೊಡ್ಡ ತಕರಾರು. ಲೆಕ್ಕ ಬೇಕೆಂದರೆ ಕೊಡುತ್ತೇನೆ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಎಂದು ಒಂದಿದೆ, ಕಾರ್ಮಿಕರ ಮನೆಗೆ ಬೇಕಾದ ಸಾಮಾನಿನ ಬೆಲೆ ಎಷ್ಟು ಏರಿತೆಂದು ತೋರಿಸುವ ಅಂಕಿ. ತುಟ್ಟಿಭತ್ಯೆ ನಿಂತಿರುವುದು ಅದರ ಮೇಲೆ. 1982ರ ಬೆಲೆಯನ್ನು ಅದರಲ್ಲಿ 100 ಎಂದು ಹಿಡಿದರು. ಆಮೇಲೆ 2001ರ ಬೆಲೆಯನ್ನು ಒಮ್ಮೆ, 2016ರ ಬೆಲೆಯನ್ನು ಒಮ್ಮೆ 100 ಎಂದು ಹಿಡಿದು ಹೊಸದಾಗಿ ಎಣಿಸತೊಡಗಿದರು. ಹಳೆಯದಕ್ಕೆ ಹೊಸದನ್ನು ಬೆಸೆಯಬೇಕಾದರೆ 4.63 ಮತ್ತು 2.88ರಿಂದ ಗುಣಿಸಬೇಕು. ಹಾಗೆ ಗುಣಿಸಿಕೊಂಡು ಬಂದರೆ 1982ರಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ 2025ರಲ್ಲಿ 1,900 ರೂಪಾಯಿಗೂ ಹೆಚ್ಚು. ಕೇಳಿದವರು ಇಲ್ಲಿಗೆ ಹೌಹಾರುತ್ತಾರೆ. ತಾಳಿ, ಸಂಬಳದ ಕಡೆಯೂ ನೋಡೋಣ. ಕೇಂದ್ರ ಸರ್ಕಾರದ ಕಟ್ಟಕಡೆಯ ನೌಕರನ ಮೂಲವೇತನ 1986ರಲ್ಲಿ 750 ರೂಪಾಯಿ ಇದ್ದದ್ದು 2016ರಲ್ಲಿ 18,000 ಆಯಿತು, ಅಂದರೆ 24 ಪಟ್ಟು. ಅದೇ ಮೂವತ್ತು ವರ್ಷಗಳಲ್ಲಿ ಬೆಲೆ ಏರಿದ್ದು ಸುಮಾರು 10 ಪಟ್ಟು.

ಊಟದ ಖರ್ಚೂ ಇದನ್ನೇ ಹೇಳುತ್ತದೆ: ಗಳಿಕೆ ಬೆಲೆಗಿಂತ ಮುಂದೆ ಹೋದರೆ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 1999-2000ರಲ್ಲಿ ದೇಶದ ಹಳ್ಳಿಯ ಮನೆಗಳಲ್ಲಿ 100 ರೂಪಾಯಿ ಖರ್ಚಾದರೆ ಅದರಲ್ಲಿ 59 ಹೊಟ್ಟೆಗೇ ಹೋಗುತ್ತಿತ್ತು. 2022-23ರಲ್ಲಿ ಅದು 46ಕ್ಕೆ ಇಳಿದಿದೆ. ಪಟ್ಟಣದಲ್ಲಿ 48 ಇದ್ದದ್ದು 39. ನಿಜವಾಗಿ ಅಗ್ಗವಾದ ವಸ್ತುಗಳೂ ಇವೆ, ಫೋನಿನ ಮಾತಿನಂತೆ. 1995ರಲ್ಲಿ ಮೊಬೈಲ್ ಬಂದಾಗ ದರ ನಿಮಿಷಕ್ಕೆ 16 ರೂಪಾಯಿವರೆಗೂ ಇತ್ತು, ಅದೂ ಬಂದ ಕರೆಗೂ ನಾವೇ ದುಡ್ಡು ಕೊಡಬೇಕು. ಪೋಸ್ಟ್ ಕಾರ್ಡು ಈಗಲೂ 50 ಪೈಸೆಯೇ. ಹಳೆಯ ಬೆಲೆಗೆ ಹಂಬಲಿಸುವವರು ಯಾರೂ ಅದನ್ನು ಕೊಳ್ಳುತ್ತಿಲ್ಲ ಎಂಬುದು ಬೇರೆ ಮಾತು.

ಹಾಗಾದರೆ ಜನ ಸುಮ್ಮನೆ ಗೊಣಗುತ್ತಾರೆಯೇ? ಖಂಡಿತ ಇಲ್ಲ. ಮೊದಲನೆಯದಾಗಿ, ಆ 24 ಪಟ್ಟು ಎಲ್ಲರಿಗೂ ದಕ್ಕಲಿಲ್ಲ. ನಮ್ಮೂರಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸೂಚ್ಯಂಕದ ಒಂದೊಂದು ಪಾಯಿಂಟು ಏರಿದರೂ ತಮ್ಮ ಕೂಲಿ ಎಷ್ಟು ಏರಬೇಕೆಂದು ಬಾಯಲ್ಲೇ ಲೆಕ್ಕ ಹಾಕುತ್ತಿದ್ದ ಕಾರ್ಮಿಕರ ಮಕ್ಕಳು ಇಂದು ಗುತ್ತಿಗೆ ಕೆಲಸದಲ್ಲಿ, ಆಟೋದಲ್ಲಿ, ಮನೆಮನೆಗೆ ಊಟ ತಲುಪಿಸುವ ಬೈಕಿನ ಮೇಲೆ ಇದ್ದಾರೆ. ಅವರಿಗೆ ತುಟ್ಟಿಭತ್ಯೆಯೂ ಇಲ್ಲ, ವೇತನ ಆಯೋಗವೂ ಇಲ್ಲ. 2025ರ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇ 15 ಏರಿತು, ಏಪ್ರಿಲ್ 1ರಂದು ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ಇಂಥ ಏರಿಕೆ ನನ್ನ ಪಿಂಚಣಿಗೆ ಸ್ವಲ್ಪ ತಡವಾಗಿಯಾದರೂ ತಲುಪುತ್ತದೆ. ಅವರ ಕೂಲಿಗೆ ತಲುಪಬೇಕಾದರೆ ಧಣಿಯ ಮನಸ್ಸು ಕರಗಬೇಕು.

ಎರಡನೆಯದು ಸೂಚ್ಯಂಕಕ್ಕೆ ಸಿಗದ ಸಂಗತಿ. ಬೆಲೆ ಅಳೆಯುವವರು ಹಿಂದೆ ಕೊಳ್ಳುತ್ತಿದ್ದ ಸಾಮಾನಿಗೆ ಈಗ ಎಷ್ಟು ಎಂದು ನೋಡುತ್ತಾರೆ. ಹಿಂದೆ ಕೊಳ್ಳದೇ ಇದ್ದದ್ದನ್ನು ಈಗ ಕೊಳ್ಳಲೇಬೇಕಾಗಿ ಬಂದರೆ? ನಮ್ಮ ಓಣಿಯಲ್ಲಿ ಗಿರಣಿ ಕಾರ್ಮಿಕನ ಮಗ, ಗುಮಾಸ್ತನ ಮಗ, ವಕೀಲರ ಮಗ ಎಲ್ಲರೂ ಒಂದೇ ಸರ್ಕಾರಿ ಶಾಲೆಗೆ ಹೋಗುತ್ತಿದ್ದೆವು. ಜ್ವರ ಬಂದರೆ ಸರ್ಕಾರಿ ಆಸ್ಪತ್ರೆಯ ಕೆಂಪು ನೀರಿನ ಔಷಧ, ಅದಕ್ಕೆ ಮನೆಯಿಂದಲೇ ಬಾಟಲಿ ಒಯ್ಯಬೇಕು. ಶಾಲೆ, ಆಸ್ಪತ್ರೆ ಎರಡೂ ಅವ್ವನ ತಿಂಗಳ ಲೆಕ್ಕದಲ್ಲಿ ಇರಲೇ ಇಲ್ಲ. ಇಂದು ನನ್ನ ತಂಗಿಯ ಮಗನ ಮನೆಯಲ್ಲಿ ಲೆಕ್ಕ ಶುರುವಾಗುವುದೇ ಅಲ್ಲಿಂದ. ಇದು ಬೆಲೆ ಏರಿಕೆಯಲ್ಲ, ಹೊಸ ಖರ್ಚು. ಜೇಬಿಗೆ ಮಾತ್ರ ಎರಡೂ ಒಂದೇ. ಇನ್ನು ನಿವೇಶನ, ಬಂಗಾರದ ಮಾತು ಬೇಡ. 1982ರಲ್ಲಿ ಹತ್ತು ಗ್ರಾಂ ಬಂಗಾರ ಸುಮಾರು 1,600 ರೂಪಾಯಿ ಇತ್ತು. 2025ರಲ್ಲಿ ಲಕ್ಷ ದಾಟಿತು. ಯಾವ ವೇತನ ಆಯೋಗವೂ ಅಷ್ಟು ಓಡಲಿಲ್ಲ.

ಪೆಪ್ಪರ್‌ಮಿಂಟಿನ ಬೆಲೆಗೆ ಮರುಗುವವರನ್ನು ಕಂಡರೆ ನನಗೆ ಸಿಡುಕು ಬರುವುದು ಇದಕ್ಕೇ. ನಾಲ್ಕಾಣೆಯ ಚಲಾವಣೆ 2011ರಲ್ಲೇ ನಿಂತಿತು, ಅದರಿಂದ ಯಾರ ಮನೆಯೂ ಮುಳುಗಲಿಲ್ಲ. ಸೋವಿಯ ಕಾಲ ಅಲ್ಲವೇ ಎಂದು ಕೇಳಿದವರ ಕೈಯಲ್ಲೇ ಸಂಬಳವೆಷ್ಟು, ಬಾಡಿಗೆ ಎಷ್ಟು, ಶಾಲೆಗೆ ಎಷ್ಟು, ಸಾಲದ ಕಂತು ಎಷ್ಟು ಎಂದು ಕಾಗದದ ಮೇಲೆ ಬರೆಸುತ್ತೇನೆ. ಬೆಂಗಳೂರಿನಲ್ಲಿರುವ ನಮ್ಮ ಹುಡುಗರು ಬರೆದರೆ ಬಾಡಿಗೆ, ಶಾಲೆ, ಕಂತು ಈ ಮೂರಕ್ಕೇ ಅರ್ಧಕ್ಕಿಂತ ಹೆಚ್ಚು ಸಂಬಳ ಕರಗಿರುತ್ತದೆ. ಅಕ್ಕಿ, ಬೇಳೆ, ಎಣ್ಣೆ ಬರೆಯಲು ಕೆಲವರಿಗೆ ನೆನಪೇ ಆಗುವುದಿಲ್ಲ.