ಅಡಕತ್ತರಿ ಬೇಡದ ಪರೀಕ್ಷೆ

ಭಾನುವಾರ ಶಿರಸಿಗೆ ಫೋನ್ ಮಾಡಿದರೆ ಅಪ್ಪಯ್ಯನ ಪ್ರಶ್ನೆ ಒಂದೇ: "ಕತ್ತರಿಸ್ದೆ ಒಳಗೆ ಎಂತ ಇದ್ದು ಹೇಳಿ ಹೆಂಗೆ ಗೊತ್ತಾಗ್ತು ತಮಾ?"

ಅವರು ಕೇಳುವುದು ಸರಿಯೇ. ಚಾಲಿ ಅಡಿಕೆ ಮಾರಲು ಹೋದರೆ ವ್ಯಾಪಾರಿ ಚೀಲದಿಂದ ನಾಲ್ಕು ಹೆಕ್ಕಿ, ಅಡಕತ್ತರಿಯಲ್ಲಿ ಹೋಳು ಮಾಡಿ ನೋಡುತ್ತಾನೆ. ಹೋಳಾದದ್ದು ಹೋಯಿತು, ಉಳಿದದ್ದಕ್ಕೆ ದರ. ಜರ್ಮನಿಯ ಯೇನಾದಲ್ಲಿ ನಾನು ನೋಡುವ, ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಸ್ಟೆಮ್ ಸೆಲ್‌ಗಳಿಗೂ ಹಳೆಯ ಪರೀಕ್ಷೆಗಳು ಜಾಸ್ತಿ ಹೀಗೇ. ಬಣ್ಣ ಹಾಕಬೇಕು, ಇಲ್ಲವೇ ಕೊಲ್ಲಬೇಕು. ನಾಳೆ ರೋಗಿಯ ಮೈಗೆ ಹೋಗಬೇಕಾದ ಕೋಶವನ್ನೇ ಕೊಂದು ನೋಡಿದರೆ ಏನು ಬಂತು?

ಅದಕ್ಕೇ ನಾವು ಬೆಳಕು ಬಿಡುತ್ತೇವೆ. 785 ನ್ಯಾನೋಮೀಟರ್‌ನ ಲೇಸರ್, ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಚದುರುವ ಬೆಳಕೆಲ್ಲ ಹೆಚ್ಚೂಕಡಿಮೆ ಬಂದ ಬಣ್ಣದಲ್ಲೇ ವಾಪಸ್. ಸುಮಾರು ಕೋಟಿಗೆ ಒಂದು ಬೆಳಕಿನ ಕಣ ಮಾತ್ರ ಅಣುವಿನ ಕಂಪನಕ್ಕೆ ಚೂರು ಶಕ್ತಿ ಬಿಟ್ಟುಕೊಟ್ಟು, ಬಣ್ಣ ಬದಲಿಸಿಕೊಂಡು ಬರುತ್ತದೆ. ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡದ್ದು ಇದನ್ನೇ. ಡಿಎನ್‌ಎ, ಪ್ರೋಟೀನು, ಕೊಬ್ಬು, ಪ್ರತಿಯೊಂದಕ್ಕೂ ಗ್ರಾಫಿನಲ್ಲಿ ತನ್ನದೇ ಜಾಗದಲ್ಲಿ ಮೊನೆ. ಸ್ಟೆಮ್ ಸೆಲ್ ಬೇರೆ ಬಗೆಯ ಕೋಶವಾಗತೊಡಗಿದರೆ ಪ್ರೋಟೀನಿನ ಎದುರು ಡಿಎನ್‌ಎ, ಆರ್‌ಎನ್‌ಎ ಮೊನೆಗಳು ಕುಗ್ಗುತ್ತವೆ. ಸಾಯುವಾಗಲೂ ಡಿಎನ್‌ಎ ಮೊನೆ ಇಳಿಯುತ್ತದೆ. ನೀರು ಅಷ್ಟಾಗಿ ಅಡ್ಡ ಬರುವುದಿಲ್ಲ, ಹಾಗಾಗಿ ಕೋಶ ತನ್ನ ದ್ರವದಲ್ಲೇ ಆರಾಮಾಗಿರಬಹುದು.

ಮೊದಲ ವಾರ ನಾನು ಬೇಸ್ತು ಬಿದ್ದ ಕಥೆ ಹೇಳಲೇಬೇಕು. ಬಣ್ಣ ಎಷ್ಟು ಬದಲಾಯಿತು ಅಂತ ತೋರಿಸುವ ಗ್ರಾಫಿನ ಅಳತೆಯಲ್ಲಿ 1000ದ ಹತ್ತಿರ ಎತ್ತರದ ಮೊನೆ! ಪ್ರೋಟೀನಿನಲ್ಲಿರುವ ಫಿನೈಲಲನೀನ್ 1003ರ ಆಸುಪಾಸು ಬರುತ್ತದೆ. ಎಂಥಾ ಗಟ್ಟಿ ಕೋಶ ಅಂತ ಹಿಗ್ಗಿದೆ. ಜೊತೆಯವಳು ಕೋಶವೇ ಇಲ್ಲದ ಖಾಲಿ ಜಾಗಕ್ಕೆ ಲೇಸರ್ ತಿರುಗಿಸಿದಳು. ಮೊನೆ ಅಲ್ಲೂ ಇತ್ತು. ಅದು ಪ್ಲಾಸ್ಟಿಕ್ ತಟ್ಟೆಯ ಪಾಲಿಸ್ಟೈರೀನ್, 1001ರದ್ದು. ಎರಡರಲ್ಲೂ ಪರಮಾಣುಗಳ ಒಂದೇ ಥರದ ಉಂಗುರ, ಒಂದೇ ಥರದ ಕಂಪನ. ಆಮೇಲೆ ಕ್ವಾರ್ಟ್ಸ್ ತಟ್ಟೆಗೆ ಬದಲಾಯಿಸಿದೆವು. ಕಾರ್ಲ್ ಝೈಸ್ 1846ರಲ್ಲಿ ಸೂಕ್ಷ್ಮದರ್ಶಕದ ಅಂಗಡಿ ತೆರೆದ ಊರಿನಲ್ಲಿ ತಟ್ಟೆ ನೋಡಿ ಕೋಶ ಅಂದುಕೊಂಡವನು ನಾನು.

ಈ ಕಥೆ ಕೇಳಿ ಅಪ್ಪಯ್ಯ ನಗಲೇ ಇಲ್ಲ. "ಆ ಯಂತ್ರದಲ್ಲಿ ಚಾಲಿ ನೋಡ್ಲಕ್ಕಾ?" ಅಂದರು. ಅಡಿಕೆಯ ಚೊಗರಿನ ಅಂಶ ತಾನೇ ಹೊಳೆದು ಈ ಸಣ್ಣ ಸಿಗ್ನಲನ್ನು ಮುಳುಗಿಸಿಬಿಡುತ್ತದೆ, ಬೆಳಕೂ ಆಳಕ್ಕೆ ಇಳಿಯುವುದಿಲ್ಲ ಅಂತ ವಿವರಿಸಿದೆ.

"ಅಡ್ಡಿಲ್ಲೆ," ಅಂದರು. "ಅಡಕತ್ತರಿ ಇದ್ದಲಿ."