ಕಾಲಿನ ಪುಡಿ: ಪಟಿಕಕ್ಕೂ ಸೋಡಕ್ಕೂ ಒಂದೇ ಡಬ್ಬಿ ಆಗದು

ಕಾಲಿನ ನಾತಕ್ಕೆಂದು ಮಾಡಿದ ಈ ಸಲದ ಪುಡಿ ಪೂರ್ತಿ ಚರಂಡಿಗೆ. 50 ಗ್ರಾಂ ಪಟಿಕ, 25 ಗ್ರಾಂ ಅಡುಗೆ ಸೋಡ, ಒಟ್ಟಿಗೆ ಅರೆದು ವಸ್ತ್ರಗಾಳಿತ ಮಾಡಿದ್ದು. ಮುಚ್ಚಳ ಉಬ್ಬಿತ್ತು, ತಿರುಗಿಸಿದರೆ ಬುಸ್ ಎಂದಿತು. ಒಳಗೆ ಪುಡಿಯ ಬದಲು ಮುದ್ದೆ. ಷೂ ಒಳಗೆ ಉದುರಿಸಿದ್ದು ಹೆಬ್ಬೆರಳು ಊರುವ ಗುಳಿಯಲ್ಲಿ ಬಿಳಿ ಅಂಟಾಗಿ ಕೂತಿತ್ತು. ನಾತ ಮಾತ್ರ ಜಪ್ಪಯ್ಯ ಅಂದರೂ ಕದಲಿಲ್ಲ.

ಪಟಿಕ ಆಮ್ಲ, ಸೋಡ ಕ್ಷಾರ. ಪಟಿಕದ ತೂಕದಲ್ಲಿ ಸುಮಾರು 45% ನೀರೇ ಇರುವುದರಿಂದ ಅರೆಯುವಾಗಲೇ ಜಗಳ ಶುರು. ಮೈಸೂರಿನ ಆಷಾಢದ ತೇವ ಉಳಿದದ್ದನ್ನು ಮುಗಿಸುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ, ಉಳಿಯುವುದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ನ ಲೋಳೆ. 25 ಗ್ರಾಂ ಸೋಡಕ್ಕೆ ಸರಿಹೋಗುವ ಪಟಿಕ ಸುಮಾರು 47 ಗ್ರಾಂ. ಅಂದರೆ ಎಲ್ಲರೂ ಹೇಳುವ ಎರಡಕ್ಕೊಂದು ಪಾಲು, ಎರಡನ್ನೂ ಕೊಲ್ಲಲು ಹೇಳಿ ಮಾಡಿಸಿದ ಅಳತೆ!

ಸಂತೇಪೇಟೆಯ ಅಂಗಡಿಯೊಂದರ ಪಟಿಕದ ಮೇಲೂ ಅನುಮಾನ. ಕೇಳಿದ್ದು ಪೊಟ್ಯಾಷ್ ಪಟಿಕ. ‘ಎಲ್ಲಾ ಒಂದೇ ಸಾರ್’ ಎಂಬ ಉತ್ತರದೊಂದಿಗೆ ಬಂದದ್ದು ಅಮೋನಿಯಂ ಪಟಿಕ. ಸ್ಟೀಲ್ ಚಮಚದಲ್ಲಿ ಚಿಟಿಕೆ ಪುಡಿ, ಕಡಲೆಕಾಳಿನಷ್ಟು ಎಲೆಅಡಿಕೆ ಸುಣ್ಣ, ಎರಡು ಹನಿ ನೀರು ಕಲಸಿ ನೋಡಿ: ಮೂಗಿಗೆ ಘಾಟು ಹೊಡೆದರೆ ಅಮೋನಿಯಂ. ಹಚ್ಚಿಕೊಂಡರೆ ತೊಂದರೆಯಿಲ್ಲ, ಆದರೆ ಕ್ಷಾರ ತಗುಲಿದರೆ ಒಂದು ನಾತ ಓಡಿಸಲು ಹೋಗಿ ಇನ್ನೊಂದು.

ಪರಿಹಾರ ಬಡವರದ್ದೇ: ಪಟಿಕ ಕಾಲಿಗೆ, ಸೋಡ ಷೂಗೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 10 ಗ್ರಾಂ ಪಟಿಕ, ಐದು ನಿಮಿಷ ಕಾಲು. ಅದಕ್ಕೆ ಮೊದಲು ಸೋಪು ಪೂರ್ತಿ ಹೋಗಿರಲೇಬೇಕು. ಇಲ್ಲದಿದ್ದರೆ ನೀರು ಒಡೆದ ಹಾಲಿನಂತಾಗಿ ಸೋಪೂ ಹೋಯಿತು, ಪಟಿಕವೂ ಹೋಯಿತು. ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸಿ. ಸಂದಿನಲ್ಲಿ ಸುಲಿದಿದ್ದರೆ, ಕಡಿತವಿದ್ದರೆ ಇದು ಬೇಡ, ಉರಿ ಕಿತ್ತುಕೊಳ್ಳುತ್ತದೆ. ಅದು ಶಿಲೀಂಧ್ರದ ಕೆಲಸವಿರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಕಂಕುಳಿಗೆ ಸ್ನಾನವಾದ ಮೇಲೆ ಒದ್ದೆ ಪಟಿಕದ ಗಟ್ಟಿ ಸಾಕು.

ಷೂಗೆ ರಾತ್ರಿ ತಲಾ ಒಂದು ಟೀ ಚಮಚ ಸೋಡ, ಬೆಳಿಗ್ಗೆ ಇನ್‌ಸೋಲ್ ಹೊರಗೆ ತೆಗೆದು ಬ್ರಷ್. ಕಮಟು ವಾಸನೆಯ ಐಸೋವ್ಯಾಲೆರಿಕ್ ಆಮ್ಲವನ್ನು ಸೋಡ ಗಾಳಿಗೆ ಹಾರದ ಲವಣವಾಗಿಸುತ್ತದೆ. ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ಅಲ್ಲೇ ಸುಖವಾಗಿರುತ್ತವೆ. ಹಾಗಾಗಿ ಸೋಡ ಒಳಗೇ ಬಿಟ್ಟು ಓಡಾಡಿದರೆ ಚರ್ಮ ಕೆರೆಯುವುದಷ್ಟೇ ಲಾಭ. ಬ್ಯಾಕ್ಟೀರಿಯಾಗೆ ಬೇಕಾದ ಒದ್ದೆಯನ್ನು ತೆಗೆಯಲು ಎರಡು ಜೊತೆ ಷೂ ಸರದಿಯಲ್ಲಿ, ಒಳಗೆ ದಿನಪತ್ರಿಕೆಯ ಉಂಡೆ. ಅವಸರಕ್ಕೆ ತಾರಸಿಯ ಬಿಸಿಲಿಗೆ ಇಟ್ಟರೆ ಷೂ ತಳದ ಗಮ್ ಬಿಡುತ್ತದೆ.

ಮುಂದಿನದು ಲಾವಂಚದ ಇನ್‌ಸೋಲ್. ಬೇರು ದೇವರಾಜ ಮಾರುಕಟ್ಟೆ ಕಡೆಯ ಗ್ರಂಥಿಗೆ ಅಂಗಡಿಯಿಂದ, ಮೇಲೂ ಕೆಳಗೂ ಹತ್ತಿ ಬಟ್ಟೆ, ಕೌದಿಯ ಹಾಗೆ ಅರ್ಧ ಇಂಚಿನ ಚೌಕ ಹೊಲಿಗೆ. ಹೊಲಿಗೆ ಅಗಲವಾದರೆ ಬೇರು ಹಿಮ್ಮಡಿಯ ಕಡೆ ಸರಿದು ಗಂಟು ಕಟ್ಟುತ್ತದೆ. ತೀರಾ ಒತ್ತಾದರೆ ಗಾಳಿಯಾಡುವುದಿಲ್ಲ, ಒಣಗುವುದಿಲ್ಲ. ಬೇರಿನ ತುದಿ ಚುಚ್ಚದಂತೆ ಮೇಲಿನ ಪದರಕ್ಕೆ ಹಳೇ ಪಂಚೆಯ ಬಟ್ಟೆ ಸಾಕೋ, ಖಾದಿಯೇ ಬೇಕೋ, ಹೊಲಿದೇ ನೋಡಬೇಕು.